ಎಲೆ ರಸದಿಂದ ಮಾಡಿದ ಜೋಡಿ ಲೋಹದ ನ್ಯಾನೊ ಕಣ: ಮಿಶ್ರಲೋಹ ಹೌದಾ, ಹಸಿರು ಹೌದಾ?

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಎಲೆ ಕುದಿಸಿ ಸೋಸಿದ ರಸದಿಂದ ಬೆಳ್ಳಿ–ಚಿನ್ನದ ನ್ಯಾನೊ ಕಣ ಮಾಡಿದೆ. ಎರಡೂ ಲವಣ ಒಟ್ಟಿಗೆ ಹಾಕಿದಾಗ ದ್ರಾವಣ ಹಾಲಿನ ಹಾಗೆ ಮಸುಕಾಯಿತು. ರಸ ಸುರಿದ ಮೇಲೆ ಕಂದು–ನೇರಳೆ ಬಣ್ಣ ಬಂತು. ಇದನ್ನು ವೇಗವರ್ಧಕವಾಗಿ ಹಾಕಿದರೆ 4-ನೈಟ್ರೋಫೀನಾಲ್‌ನ ಹಳದಿ ಬಣ್ಣ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಇದನ್ನು "ಹಸಿರು ವಿಧಾನದ ಮಿಶ್ರಲೋಹ" ಅಂತ ಬರೆಯಬಹುದೇ? ಇದೇ ರೀತಿ ತಾಮ್ರ–ನಿಕ್ಕಲ್ ಮಾಡಿದರೆ ಕೆಲಸ ಅಗ್ಗವಾಗುತ್ತದಲ್ವಾ?

ಉತ್ತರ: ಆ ಹಾಲಿನ ಬಣ್ಣವನ್ನು ಬಿಡದೆ ಬರೆದದ್ದು ಬಹಳ ಒಳ್ಳೆಯದಾಯಿತು. ತುಂಬಾ ಜನ ಅದನ್ನು ನೋಡಿಯೂ ನೋಟ್‌ಬುಕ್ಕಿನಲ್ಲಿ ಬರೆದಿರುವುದಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಅದು ಬೆಳ್ಳಿ ಕ್ಲೋರೈಡ್. ನೀವು ಹಾಕಿದ ಚಿನ್ನದ ಲವಣದಲ್ಲಿ ಒಂದೊಂದು ಚಿನ್ನದ ಅಯಾನಿಗೂ ನಾಲ್ಕು ಕ್ಲೋರೈಡ್ ಅಂಟಿಕೊಂಡಿರುತ್ತವೆ, ಜೊತೆಗೆ ಲವಣದಲ್ಲೇ ಒಂದಿಷ್ಟು ಹೈಡ್ರೋಕ್ಲೋರಿಕ್ ಆಮ್ಲ ಉಳಿದಿರುತ್ತದೆ. ಬೆಳ್ಳಿಗೂ ಕ್ಲೋರೈಡಿಗೂ ಇರುವ ಸೆಳೆತ ನಿಮಗೆ ಗೊತ್ತೇ ಇದೆ, ಬೆಳ್ಳಿ ಕ್ಲೋರೈಡಿನ ವಿಲೀನತಾ ಗುಣಲಬ್ಧ (ಎರಡೂ ಅಯಾನುಗಳ ಸಾಂದ್ರತೆಯ ಗುಣಲಬ್ಧ ಇದನ್ನು ದಾಟಿದರೆ ಪ್ರಕ್ಷೇಪವಾಗಿ, ಅಂದರೆ ಪುಡಿಯಾಗಿ, ಕೂರುತ್ತದೆ) 1.8 × 10⁻¹⁰. ಲೆಕ್ಕ ಹಾಕಿ ನೋಡಿ. 0.5 ಮಿಲಿಮೋಲಾರ್ ಬೆಳ್ಳಿ ಇರುವ ಕಡೆ ಕ್ಲೋರೈಡ್ 0.4 ಮೈಕ್ರೋಮೋಲಾರ್ ದಾಟುವ ಮೊದಲೇ ಪ್ರಕ್ಷೇಪ ಶುರು. ಅಷ್ಟೇ ಚಿನ್ನ ಲೋಹವಾಗಿ ಇಳಿದಾಗ ಹೊರಬರುವ ಕ್ಲೋರೈಡ್ 2 ಮಿಲಿಮೋಲಾರ್! ಮಿತಿಗಿಂತ ಐದು ಸಾವಿರ ಪಟ್ಟು ಜಾಸ್ತಿ. ಇದು ಸಾಲದು ಅಂತ ಎಲೆಯ ರಸದಲ್ಲೂ ಕ್ಲೋರೈಡ್ ಇರುತ್ತದೆ, ಗಿಡಗಳು ಅದನ್ನು ಮಣ್ಣಿನಿಂದ ಎಳೆದುಕೊಂಡಿರುತ್ತವೆ.

ಅಂದರೆ ನಿಮ್ಮ ಬೆಳ್ಳಿಯಲ್ಲಿ ದೊಡ್ಡ ಪಾಲು ಚಿನ್ನದ ಹತ್ತಿರ ಹೋಗುವ ಮೊದಲೇ ಬಿಳಿ ಪುಡಿಯಾಗಿ ಕೂತಿರುವ ಸಾಧ್ಯತೆ ಇದೆ. ಆಮೇಲೆ ಬಂದ ಬಣ್ಣದಲ್ಲಿ ಚಿನ್ನದ ಕಣ, ಬೆಳ್ಳಿಯ ಕಣ, ಬೆಳ್ಳಿ ಕ್ಲೋರೈಡ್ ಮೂರೂ ಬೇರೆ ಬೇರೆಯಾಗಿ ಇರಬಹುದು. ನಾನು ಈ ಕೆಲಸ ಶುರು ಮಾಡಿದ ದಿನಗಳಲ್ಲಿ ಇದೇ ತಪ್ಪು ಮಾಡಿ, ಬೀಕರಿನ ತಳದಲ್ಲಿದ್ದ ಬೂದು ಪದರವನ್ನು "ಸ್ವಲ್ಪ ಕಣ ಗಂಟುಕಟ್ಟಿದೆ" ಅಂತ ಬರೆದುಕೊಂಡು ಎರಡು ತಿಂಗಳು ಕಳೆದಿದ್ದೆ. ಕೊನೆಗೆ ಎಕ್ಸ್‌ರೇ ವಿವರ್ತನೆಯಲ್ಲಿ (ಹರಳಿನಿಂದ ಎಕ್ಸ್‌ರೇ ಯಾವ ಕೋನದಲ್ಲಿ ಚೆದುರುತ್ತದೆ ಅಂತ ನೋಡುವ ಪರೀಕ್ಷೆ) 27.8, 32.2, 46.2 ಡಿಗ್ರಿಗಳಲ್ಲಿ ಮೂರು ಚೂಪಾದ ಪೀಕ್ ಕಂಡವು. ತಾಮ್ರದಿಂದ ಹೊಮ್ಮುವ ಎಕ್ಸ್‌ರೇ ಬಳಸಿದರೆ ಅವು ಬೆಳ್ಳಿ ಕ್ಲೋರೈಡಿನ ಜಾಗ. ಬೆಳ್ಳಿ ಲೋಹ 38.1ರಲ್ಲಿ, 44.3ರಲ್ಲಿ ಬರುತ್ತದೆ.

ಮಿಶ್ರಲೋಹ ಆಗಿದೆಯೋ ಇಲ್ಲವೋ ಅಂತ ಅದೇ ಎಕ್ಸ್‌ರೇ ಹೇಳುತ್ತದಾ? ಬೇರೆ ಜೋಡಿಗಳಿಗೆ ಹೇಳುತ್ತದೆ, ನಿಮ್ಮ ಜೋಡಿಗೆ ಹೇಳುವುದಿಲ್ಲ. ಎರಡು ಲೋಹ ಪರಮಾಣು ಮಟ್ಟದಲ್ಲಿ ಬೆರೆತರೆ ಹರಳಿನ ಅಳತೆ ನಡುವೆ ಎಲ್ಲೋ ನಿಲ್ಲುತ್ತದೆ, ಪೀಕ್ ಜಾರುತ್ತದೆ. ಆದರೆ ಚಿನ್ನದ ಹರಳಿನ ಅಳತೆ 4.078 ಆಂಗ್‌ಸ್ಟ್ರಾಮ್, ಬೆಳ್ಳಿಯದು 4.086. ವ್ಯತ್ಯಾಸ ಶೇ. 0.2 ಮಾತ್ರ. ನ್ಯಾನೊ ಕಣದ ಪೀಕ್ ಮೊದಲೇ ಅಗಲ, ಅದರೊಳಗೆ ಈ ವ್ಯತ್ಯಾಸ ಮುಳುಗಿಹೋಗುತ್ತದೆ. ಎಕ್ಸ್‌ರೇ ತೋರಿಸಿ "ಬೆಳ್ಳಿ–ಚಿನ್ನದ ಮಿಶ್ರಲೋಹ ಖಚಿತ" ಅಂತ ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಈ ಜೋಡಿಗೆ ಬೆಳಕಿನ ಹೀರಿಕೆ ಇನ್ನೂ ಚೆನ್ನಾಗಿ ಹೇಳುತ್ತದೆ. ಬೆಳ್ಳಿ ಕಣ ಸುಮಾರು 400 ನ್ಯಾನೊಮೀಟರಿನಲ್ಲಿ ಹೀರುತ್ತದೆ, ಚಿನ್ನ ಸುಮಾರು 520ರಲ್ಲಿ. ಎರಡು ಪೀಕ್ ಬೇರೆ ಬೇರೆ ಕಂಡರೆ ಬೇರೆ ಬೇರೆ ಕಣಗಳು ಇವೆ ಅಂತಲೇ ಮೊದಲು ಅನುಮಾನಪಡಿ. ಅರ್ಧಕ್ಕರ್ಧ ಮಿಶ್ರಲೋಹವಾದರೆ ನಡುವೆ, 460ರ ಆಸುಪಾಸು, ಒಂದೇ ಪೀಕ್ ಬರಬೇಕು, ಚಿನ್ನದ ಪಾಲು ಹೆಚ್ಚಿಸಿದಷ್ಟೂ ಅದು ಬಲಕ್ಕೆ ಸರಿಯಬೇಕು. ಮೂರು ನಾಲ್ಕು ಬೇರೆ ಅನುಪಾತದಲ್ಲಿ ಮಾಡಿ, ಆ ಸರಿಯುವಿಕೆಯನ್ನು ಒಂದು ಗೆರೆಯಾಗಿ ತೋರಿಸಿ. ಅಷ್ಟಾದರೂ ಪೂರ್ತಿ ಪುರಾವೆ ಆಗುವುದಿಲ್ಲ, ಯಾಕೆಂದರೆ ಚಿನ್ನದ ತಿರುಳಿನ ಮೇಲೆ ತೆಳು ಬೆಳ್ಳಿ ಸಿಪ್ಪೆ ಕೂತರೂ ಪೀಕ್ ಎಡಕ್ಕೆ ಸರಿಯುತ್ತದೆ. ಒಂದೇ ಕಣದೊಳಗೆ ಯಾವ ಲೋಹ ಎಲ್ಲಿದೆ ಅಂತ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಧಾತು ನಕ್ಷೆ ಬೇಕು. ನಿಮ್ಮಲ್ಲಿ ಆ ಯಂತ್ರ ಇಲ್ಲದಿದ್ದರೆ, ಒಂದೇ ಒಂದು ಮಾದರಿಯನ್ನಾದರೂ ಹೊರಗೆ ಕಳಿಸಿ ನೋಡಿಸಿ. ಈ ಒಂದು ಚಿತ್ರ ಉಳಿದ ಹತ್ತು ಗ್ರಾಫಿಗಿಂತ ಮುಖ್ಯ.

ಮಿಶ್ರಲೋಹವೋ ತಿರುಳು–ಸಿಪ್ಪೆಯೋ ಅನ್ನುವುದು ಅದೃಷ್ಟದ ಮಾತಲ್ಲ. ಯಾವ ಅಯಾನು ಮೊದಲು ಎಲೆಕ್ಟ್ರಾನ್ ಹಿಡಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಅಪಕರ್ಷಣ ವಿಭವ, ಅಂದರೆ ಅಯಾನು ಎಲೆಕ್ಟ್ರಾನ್ ಹಿಡಿದು ಲೋಹವಾಗುವ ಒಲವಿನ ಅಳತೆ, ನೋಡಿ: ಕ್ಲೋರೈಡ್ ಜೊತೆಗಿನ ಚಿನ್ನ +1.00 ವೋಲ್ಟ್, ಬೆಳ್ಳಿ +0.80, ಕ್ಲೋರೈಡ್ ಜೊತೆಗಿನ ಪಲ್ಲಾಡಿಯಮ್ ಸುಮಾರು +0.6, ತಾಮ್ರ +0.34, ನಿಕ್ಕಲ್ −0.26, ಕಬ್ಬಿಣ −0.44. ಮೇಲಿನದು ಮೊದಲು ಇಳಿಯುತ್ತದೆ. ಅಪಕರ್ಷಣಕಾರಿ (ಎಲೆಕ್ಟ್ರಾನ್ ಕೊಡುವ ವಸ್ತು) ಮೆತ್ತಗಿದ್ದರೆ, ಎಲೆ ರಸ ಸಾಮಾನ್ಯವಾಗಿ ಹಾಗೇ ಇರುತ್ತದೆ, ಚಿನ್ನ ಬೀಜವಾಗಿ ಕೂತು ಆಮೇಲೆ ಎರಡನೆಯ ಲೋಹ ಅದರ ಮೇಲೆ ಬೆಳೆಯುತ್ತದೆ. ಚುರುಕಾದ ಅಪಕರ್ಷಣಕಾರಿ ಎರಡನ್ನೂ ಒಟ್ಟಿಗೆ ಕೆಡವುತ್ತದೆ, ಆಗ ಬೆರಕೆ ಚೆನ್ನಾಗಿ ಬರುತ್ತದೆ. ಮೊದಲು ಬೆಳ್ಳಿ ಕಣ ಮಾಡಿಕೊಂಡು ಅದಕ್ಕೆ ಚಿನ್ನದ ಲವಣ ಹನಿಸಿದರೆ ಇನ್ನೊಂದೇ ಕಥೆ. ಒಂದು ಚಿನ್ನ ಕೂರಲು ಮೂರು ಬೆಳ್ಳಿ ಕರಗಿ ಹೋಗಬೇಕು, ಹಾಗಾಗಿ ಕಣ ಒಳಗಿನಿಂದ ಟೊಳ್ಳಾಗುತ್ತದೆ.

ಈಗ ತಾಮ್ರ–ನಿಕ್ಕಲ್. ಯೋಚನೆ ಸರಿಯಾಗಿದೆ, ಅಗ್ಗದ ಲೋಹ ಬಳಸುವುದು ಹಸಿರು ದಾರಿಯೇ. ಆದರೆ ಎಲೆ ರಸದಿಂದ ಆಗುವ ಕೆಲಸ ಅಲ್ಲ ಅಂತ ನೇರವಾಗಿ ಹೇಳಿಬಿಡುತ್ತೇನೆ. ರಸದಲ್ಲಿ ಎಲೆಕ್ಟ್ರಾನ್ ಕೊಡುವ ಸಸ್ಯ ವಸ್ತುಗಳಾದ ಪಾಲಿಫೀನಾಲ್‌ಗಳ ವಿಭವ ತಟಸ್ಥ ಪಿಎಚ್‌ನಲ್ಲಿ ಸೊನ್ನೆಗಿಂತ ಮೇಲೇ ಇರುತ್ತದೆ. ಅವು ಚಿನ್ನಕ್ಕೆ, ಬೆಳ್ಳಿಗೆ ಸುಲಭವಾಗಿ ಎಲೆಕ್ಟ್ರಾನ್ ಕೊಡುತ್ತವೆ. −0.26ರಲ್ಲಿ ಕೂತಿರುವ ನಿಕ್ಕಲ್‌ಗೆ ಕೊಡುವ ತಾಕತ್ತು ಅವಕ್ಕಿಲ್ಲ. ಕಬ್ಬಿಣದ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಹಸಿರು ಚಹಾದ ರಸಕ್ಕೆ ಕಬ್ಬಿಣದ ಲವಣ ಹಾಕಿದ ತಕ್ಷಣ ಕಪ್ಪಾಗುತ್ತದೆ, "ಶೂನ್ಯ ಸಂಯೋಜಕತೆಯ ಕಬ್ಬಿಣ ಬಂತು", ಅಂದರೆ ಲೋಹವೇ ಬಂತು, ಅಂತ ಬರೆದುಬಿಡುತ್ತಾರೆ. ಹಿಂದಿನ ಕಾಲದಲ್ಲಿ ಟ್ಯಾನಿನ್ನಿಗೆ ಕಬ್ಬಿಣದ ಲವಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದರಲ್ಲ, ಆ ಕಪ್ಪೂ ಇದೂ ಒಂದೇ. ಲೋಹ ಇಲ್ಲ, ಕಬ್ಬಿಣ ಪಾಲಿಫೀನಾಲ್ ಜೊತೆ ಕಟ್ಟಿಕೊಂಡ ಸಂಕೀರ್ಣ ಅಷ್ಟೇ. ಬಣ್ಣ ನೋಡಿ ಲೋಹ ಅನ್ನಬೇಡಿ, ಈ ಒಂದು ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೈಡ್ರಜೀನ್ ಅನ್ನುವ ಚುರುಕು ಅಪಕರ್ಷಣಕಾರಿ ಹಾಕಿದರೆ ನಿಕ್ಕಲ್ ಇಳಿಯುತ್ತದೆ, ನಿಜ. ಆದರೆ ಅದು ವಿಷ, ಕ್ಯಾನ್ಸರ್‌ಕಾರಕ ಅನ್ನುವ ಶಂಕೆಯೂ ಇದೆ. ಅದನ್ನು ಹಾಕಿ ಹಸಿರು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಾನಾದರೆ ತಾಮ್ರ, ನಿಕ್ಕಲ್, ಅಲ್ಯೂಮಿನಿಯಮ್ ಮೂರರ ನೈಟ್ರೇಟುಗಳಿಂದ ಪದರ ಪದರವಾದ ಹೈಡ್ರಾಕ್ಸೈಡ್ ಪ್ರಕ್ಷೇಪ ಮಾಡಿಕೊಂಡು, ಅದನ್ನು ಹೈಡ್ರೋಜನ್ ಹರಿವಿನಲ್ಲಿ ಬಿಸಿ ಮಾಡುತ್ತೇನೆ. ಆ ಪದರಗಳಲ್ಲಿ ತಾಮ್ರವೂ ನಿಕ್ಕಲ್ಲೂ ಮೊದಲೇ ಅಕ್ಕಪಕ್ಕ ಕೂತಿರುತ್ತವೆ, ಲೋಹವಾದಾಗ ಹಾಗೇ ಬೆರೆಯುತ್ತವೆ. ಅಪಕರ್ಷಣದಲ್ಲಿ ಹೊರಬರುವುದು ನೀರು. ಕಣ ಕೂರಿಸಲು ಬೇರೆ ಆಧಾರವೂ ಬೇಕಿಲ್ಲ, ಅಲ್ಯೂಮಿನಿಯಮ್ ಆಕ್ಸೈಡೇ ಆಧಾರವಾಗುತ್ತದೆ. ಬಿಸಿ ಮಾಡಲು ಶಕ್ತಿ ಬೇಕು ಅನ್ನುವುದು ಇದರ ಸಾಲದ ಬದಿ, ಅದನ್ನೂ ಲೆಕ್ಕದಲ್ಲಿ ತೋರಿಸಬೇಕು. ತಯಾರಾದ ಪುಡಿಯನ್ನು ಒಮ್ಮೆಲೇ ಗಾಳಿಗೆ ತೆರೆಯಬೇಡಿ, ಸಣ್ಣ ನಿಕ್ಕಲ್ ಕಣ ಕಾದು ಹೊತ್ತಿಕೊಳ್ಳಬಹುದು.

ಇನ್ನು "ಹಸಿರು" ಅನ್ನುವ ಪದ. ನನಗೆ ಇದರ ಬಗ್ಗೆ ಹೇಳಲು ತುಂಬಾ ಇದೆ.

ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆದರು. ಎಲೆ ರಸ ಅವುಗಳಲ್ಲಿ ಏಳನೆಯದನ್ನು ಮುಟ್ಟುತ್ತದೆ, ಅಂದರೆ ಮತ್ತೆ ಬೆಳೆಯುವ ಮೂಲದಿಂದ ಕಚ್ಚಾ ವಸ್ತು ತರುವುದು. ವಿಷದ ವಸ್ತು ಕಡಿಮೆ ಮಾಡುವ ತತ್ವವನ್ನೂ ಮುಟ್ಟುತ್ತದೆ. ಆದರೆ ಪಟ್ಟಿಯ ಮೊದಲನೆಯದು ಕಸವನ್ನೇ ಹುಟ್ಟಿಸದಿರುವುದು, ಆರನೆಯದು ಶಕ್ತಿ ಉಳಿಸುವುದು. ಅವುಗಳ ಲೆಕ್ಕ ಯಾರೂ ಕೊಡುವುದಿಲ್ಲ. ನಿಮ್ಮ ಬೀಕರನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

100 ಮಿಲಿಲೀಟರ್ ದ್ರಾವಣ, 0.5 ಮಿಲಿಮೋಲಾರ್ ಚಿನ್ನ, ಅಷ್ಟೇ ಬೆಳ್ಳಿ ಅಂದುಕೊಳ್ಳಿ. ಪೂರ್ತಿ ಇಳಿದರೂ ಸಿಗುವ ಲೋಹ ಸುಮಾರು 15 ಮಿಲಿಗ್ರಾಂ. ಇದಕ್ಕೆ ಬೇಕಾದ ಎಲೆಕ್ಟ್ರಾನ್ 0.2 ಮಿಲಿಮೋಲ್. ಎಲೆ ರಸದ ಬದಲು ಬಳಸುವ ಚುರುಕು ಅಪಕರ್ಷಣಕಾರಿ ಸೋಡಿಯಮ್ ಬೋರೋಹೈಡ್ರೈಡ್‌ನ ಒಂದು ಅಣು ಎಂಟು ಎಲೆಕ್ಟ್ರಾನ್ ಕೊಡಬಲ್ಲದು, ಹಾಗಾಗಿ ಲೆಕ್ಕದ ಪ್ರಕಾರ 1 ಮಿಲಿಗ್ರಾಂ ಸಾಕು. ಹತ್ತು ಪಟ್ಟು ಹೆಚ್ಚು ಹಾಕಿದರೂ 10 ಮಿಲಿಗ್ರಾಂ. ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ಜೀವಸತ್ವ, ಎರಡು ಎಲೆಕ್ಟ್ರಾನ್ ಕೊಡುತ್ತದೆ, ಅದು 18 ಮಿಲಿಗ್ರಾಂ ಬೇಕು. ಎಲೆ ರಸದ ದಾರಿಯಲ್ಲಿ? 10 ಗ್ರಾಂ ಎಲೆಯನ್ನು 100 ಮಿಲಿಲೀಟರ್ ನೀರಲ್ಲಿ ಕುದಿಸಿ, ಸೋಸಿ, ಅದರಲ್ಲಿ 10 ಮಿಲಿಲೀಟರ್ ಹಾಕಿದರೂ ಒಂದು ಗ್ರಾಂ ಎಲೆ ಲೆಕ್ಕಕ್ಕೆ ಬಂತು, ಕುದಿಸಿದ ಶಕ್ತಿ ಬೇರೆ. ಉಳಿದ ರಸ ಎರಡು ದಿನದಲ್ಲಿ ಕೆಡುತ್ತದೆ, ಸಿಂಕಿಗೆ ಹೋಗುತ್ತದೆ. ಆಮೇಲೆ ಸೆಂಟ್ರಿಫ್ಯೂಜ್, ಮೂರು ಸಲ ತೊಳೆಯುವುದು. ಒಟ್ಟು 250 ಗ್ರಾಂ ನೀರು ಅಂತಿಟ್ಟುಕೊಂಡರೆ, ಒಂದು ಗ್ರಾಂ ಲೋಹಕ್ಕೆ 16 ಕಿಲೋಗ್ರಾಮಿಗೂ ಹೆಚ್ಚು ನೀರು. ರೋಜರ್ ಶೆಲ್ಡನ್ 1992ರಲ್ಲಿ ಇ-ಫ್ಯಾಕ್ಟರ್ ಅನ್ನುವ ಅಳತೆ ಕೊಟ್ಟರು, ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ಕಸ ಅಂತ. ಅದನ್ನು ನೀರು ಬಿಟ್ಟು ಒಂದು ಸಲ, ನೀರು ಸೇರಿಸಿ ಒಂದು ಸಲ ಹಾಕಿ, ಎರಡನ್ನೂ ನಿಮ್ಮ ಪ್ರಾಜೆಕ್ಟಿನಲ್ಲಿ ಕೊಡಿ. ಇಷ್ಟು ಮಾಡಿದರೆ ನಿಮ್ಮ ಕೆಲಸ ಬೇರೆಯವರದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಬೋರೋಹೈಡ್ರೈಡ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅದು ವಿಷಕಾರಿ, ನೀರು ತಾಗಿದರೆ ಹೈಡ್ರೋಜನ್ ಬಿಡುತ್ತದೆ, ಜಾಗ್ರತೆಯಾಗಿ ಇಡಬೇಕು. ನಾನು ಹೇಳುವುದು ಇಷ್ಟೇ: ಅಪಕರ್ಷಣಕಾರಿ ಇಡೀ ಲೆಕ್ಕದಲ್ಲಿ ಒಂದು ಚಿಕ್ಕ ಸಾಲು. ದೊಡ್ಡ ಸಾಲು ಲೋಹದ್ದು. ಚಿನ್ನ, ಪಲ್ಲಾಡಿಯಮ್, ಪ್ಲಾಟಿನಮ್‌ನ ಒಂದು ಗ್ರಾಮಿಗಾಗಿ ರಾಶಿ ರಾಶಿ ಅದಿರು ಅಗೆದು, ಪುಡಿ ಮಾಡಿ, ಕರಗಿಸಬೇಕು. ಅದು ನಿಮ್ಮ ಬಾಟಲಿಗೆ ಬರುವ ಮೊದಲೇ ಪರಿಸರದ ಮೇಲೆ ಬಿದ್ದ ಭಾರ, ನೀವು ಎಲೆ ಹಾಕಿದರೂ ಬೋರೋಹೈಡ್ರೈಡ್ ಹಾಕಿದರೂ ಬದಲಾಗುವುದಿಲ್ಲ. ಹಾಗಾಗಿ ವೇಗವರ್ಧಕದ ಹಸಿರುತನ ನೋಡಬೇಕಾದರೆ ನಾನು ಕೇಳುವ ಪ್ರಶ್ನೆ ಎರಡೇ. ಎಷ್ಟು ಕಡಿಮೆ ಲೋಹದಲ್ಲಿ ಕೆಲಸ ನಡೆಯುತ್ತದೆ? ಆ ಲೋಹ ಎಷ್ಟು ದಿನ ಬಾಳುತ್ತದೆ, ಕೊನೆಗೆ ವಾಪಸ್ ಸಿಗುತ್ತದಾ?

ಜೋಡಿ ಲೋಹ ಬರುವುದೇ ಇಲ್ಲಿ. ಎಥಿಲೀನ್ ಕಾರ್ಖಾನೆಗಳಲ್ಲಿ ಅದರೊಳಗಿನ ಚೂರುಪಾರು ಅಸಿಟಿಲೀನ್ ತೆಗೆಯಲು ಪಲ್ಲಾಡಿಯಮ್–ಬೆಳ್ಳಿ ಬಳಸುತ್ತಾರೆ. ಬರೀ ಪಲ್ಲಾಡಿಯಮ್ ಆದರೆ ಪಕ್ಕಪಕ್ಕದ ಪರಮಾಣುಗಳು ಸೇರಿಕೊಂಡು ಎಥಿಲೀನನ್ನೂ ಈಥೇನ್ ಮಾಡಿಬಿಡುತ್ತವೆ, ಅಂದರೆ ಬೇಕಾದ ಸರಕೇ ಹಾಳು. ಬೆಳ್ಳಿ ನಡುವೆ ಕೂತು ಪಲ್ಲಾಡಿಯಮ್ ಪರಮಾಣುಗಳನ್ನು ದೂರ ದೂರ ಮಾಡುತ್ತದೆ, ಅದರ ಎಲೆಕ್ಟ್ರಾನ್ ಸ್ಥಿತಿಯನ್ನೂ ಸ್ವಲ್ಪ ಬದಲಿಸುತ್ತದೆ, ಕೆಲಸ ಅಸಿಟಿಲೀನ್‌ಗೇ ನಿಲ್ಲುತ್ತದೆ. ಇಂಧನ ಕೋಶದಲ್ಲಿ ಪ್ಲಾಟಿನಮ್ ಜೊತೆ ಕೋಬಾಲ್ಟ್ ಸೇರಿಸುವುದೂ ಕಡಿಮೆ ಪ್ಲಾಟಿನಮ್‌ನಲ್ಲಿ ಹೆಚ್ಚು ಕೆಲಸ ತೆಗೆಯಲಿಕ್ಕೇ. ಇವು ಬೆರೆತದ್ದರಿಂದ ಬಂದ ಲಾಭ. ಸುಮ್ನೆ ಎರಡು ಲೋಹ ಒಂದೇ ಬೀಕರಿನಲ್ಲಿ ಇದ್ದರೆ ಬರುವುದಿಲ್ಲ.

ಗಾತ್ರವೂ ಲೋಹದ ಉಳಿತಾಯವೇ. 2 ನ್ಯಾನೊಮೀಟರ್ ಕಣದಲ್ಲಿ ಹತ್ತಿರ ಹತ್ತಿರ ಅರ್ಧ ಪರಮಾಣುಗಳು ಮೇಲ್ಮೈಯಲ್ಲಿರುತ್ತವೆ. 10 ನ್ಯಾನೊಮೀಟರಿಗೆ ಬಂದರೆ ಸುಮಾರು ಹತ್ತನೇ ಒಂದು ಪಾಲು. ಎಲೆ ರಸದ ಕಣಗಳು ಸಾಮಾನ್ಯವಾಗಿ ದೊಡ್ಡವು, ಗಾತ್ರವೂ ಒಂದೇ ಸಮ ಇರುವುದಿಲ್ಲ. ಎಲೆಯನ್ನು ಮಳೆಗಾಲದಲ್ಲಿ ಕಿತ್ತರೆ ಒಂದು, ಬೇಸಿಗೆಯಲ್ಲಿ ಕಿತ್ತರೆ ಇನ್ನೊಂದು. ಜೊತೆಗೆ ರಸದ ಪ್ರೋಟೀನು, ಪಾಲಿಫೀನಾಲು, ಸಕ್ಕರೆ ಕಣದ ಮೇಲೆ ದಪ್ಪ ಹೊದಿಕೆಯಾಗಿ ಕೂತು, ಯಾವ ಮೇಲ್ಮೈಗಾಗಿ ಇಷ್ಟೆಲ್ಲ ಮಾಡಿದೆವೋ ಅದನ್ನೇ ಮುಚ್ಚುತ್ತವೆ. ಸುಟ್ಟು ತೆಗೆಯೋಣ ಅಂದರೆ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ.

ನೀರಿನಲ್ಲಿ, ವಿಷವಿಲ್ಲದ ವಸ್ತುವಿನಿಂದ ನ್ಯಾನೊ ಕಣ ಮಾಡುವುದು ಹೊಸದೇನಲ್ಲ ಅನ್ನುವುದೂ ಗೊತ್ತಿರಲಿ. ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲೇ ಸಿಟ್ರೇಟ್ ಹಾಕಿ ಕುದಿಯುವ ನೀರಿನಲ್ಲಿ ಚಿನ್ನದ ಕಣ ಮಾಡಿದ ಕೆಲಸವನ್ನು ಪ್ರಕಟಿಸಿದ್ದರು.

ನಿಮ್ಮ ನೈಟ್ರೋಫೀನಾಲ್ ಪರೀಕ್ಷೆಯ ಬಗ್ಗೆ ಎರಡು ಮಾತು. ಮೊದಲನೆಯದು, ಆ ಪರೀಕ್ಷೆಗೆ ನೀವು ಬೋರೋಹೈಡ್ರೈಡ್ ಹಾಕಿಯೇ ಹಾಕಿರುತ್ತೀರಿ, ಸಾಮಾನ್ಯವಾಗಿ ನೈಟ್ರೋಫೀನಾಲ್‌ಗಿಂತ ನೂರು ಪಟ್ಟು. ಹಾಗಿದ್ದರೆ ಅದಕ್ಕೂ ಮೊದಲಿನ ಹಂತದಲ್ಲಿ ಅದನ್ನು ಬಿಟ್ಟೆವು ಅನ್ನುವ ವಾದ ಎಷ್ಟು ನಿಲ್ಲುತ್ತದೆ ಯೋಚಿಸಿ. ಅದೇ ಬೋರೋಹೈಡ್ರೈಡ್ ನಿಮ್ಮ ಪುಡಿಯಲ್ಲಿ ಉಳಿದ ಬೆಳ್ಳಿ ಕ್ಲೋರೈಡನ್ನೂ ಬೆಳ್ಳಿಯಾಗಿ ಇಳಿಸುತ್ತದೆ. ಅಂದರೆ ಕ್ಯೂವೆಟ್ಟಿನಲ್ಲಿ (ಬೆಳಕಿನ ಹೀರಿಕೆ ಅಳೆಯುವ ಪುಟ್ಟ ಪಾತ್ರೆ) ಕೆಲಸ ಮಾಡಿದ್ದು ನೀವು ಎಲೆಯಿಂದ ಮಾಡಿದ ಕಣವೇ ಅಂತ ಹೇಳಲಾಗದು. ಎರಡನೆಯದು ಅಳತೆಯದ್ದು. ಹಳದಿ ಬಣ್ಣದ ಪೀಕ್ 400 ನ್ಯಾನೊಮೀಟರಿನಲ್ಲಿದೆ, ಬೆಳ್ಳಿ ಕಣದ್ದೂ ಅಲ್ಲೇ. ವೇಗವರ್ಧಕದ್ದೇ ಹೀರಿಕೆಯನ್ನು ಕಳೆಯದಿದ್ದರೆ ವೇಗದ ಲೆಕ್ಕ ತಪ್ಪುತ್ತದೆ. ಹಳದಿ ಹೋದರೆ ಸಾಲದು, 300ರ ಹತ್ತಿರ, ನೈಟ್ರೋಫೀನಾಲ್ ಅಪಕರ್ಷಣಗೊಂಡು ಆಗುವ ಅಮಿನೋಫೀನಾಲ್‌ನ ಪೀಕ್ ಏರಬೇಕು. ಬರೀ ಕಣದ ಮೇಲೆ ಅಂಟಿಕೊಂಡರೂ ಹಳದಿ ಹೋಗುತ್ತದೆ.

ಹೋಲಿಕೆಗೆ ನಾಲ್ಕು ಬೀಕರ್ ಇಡಿ: ಬರೀ ಎಲೆ ರಸ, ಬರೀ ಬೆಳ್ಳಿ ಕಣ, ಬರೀ ಚಿನ್ನದ ಕಣ, ಮತ್ತೆ ಆ ಎರಡು ಕಣಗಳನ್ನು ಸುಮ್ನೆ ಬೆರೆಸಿದ್ದು. ಒಟ್ಟು ಲೋಹದ ಮೋಲ್ ಎಲ್ಲದರಲ್ಲೂ ಒಂದೇ ಇರಲಿ, ರಸದ್ದನ್ನು ಬಿಟ್ಟು. ನಿಮ್ಮ ಜೋಡಿ ಕಣ ಕೊನೆಯ ಬೀಕರನ್ನು ಮೀರಿಸಿದರೆ ಮಾತ್ರ ಲೋಹಗಳು ಒಂದಕ್ಕೊಂದು ನೆರವಾಗಿವೆ ಅನ್ನಬಹುದು. ಮರುಬಳಕೆ ತೋರಿಸುವಾಗ "ಐದು ಸಲ ಬಳಸಿದರೂ ಶೇ. 98" ಅನ್ನುವ ಕಂಬದ ಚಿತ್ರ ಹಾಕಬೇಡಿ. ಎರಡು ನಿಮಿಷದಲ್ಲಿ ಮುಗಿಯುವ ಕ್ರಿಯೆಗೆ ಹತ್ತು ನಿಮಿಷ ಕೊಟ್ಟರೆ, ವೇಗವರ್ಧಕ ಅರ್ಧ ಸತ್ತಿದ್ದರೂ ಕೊನೆಯ ಅಂಕಿ ಹಾಗೇ ಬರುತ್ತದೆ. ಪ್ರತಿ ಸಲವೂ ಶುರುವಿನ ವೇಗ ಅಳೆಯಿರಿ, ಅರ್ಧದಷ್ಟೂ ಕ್ರಿಯೆ ಆಗದ ಹಂತದಲ್ಲಿ. ಸೋಸಿದ ನೀರಿನಲ್ಲಿ ಎಷ್ಟು ಲೋಹ ಕರಗಿ ಹೋಗಿದೆ ಅಂತಲೂ ಐಸಿಪಿಯಲ್ಲಿ (ಕರಗಿದ ಲೋಹದ ಪ್ರಮಾಣ ಅಳೆಯುವ ಯಂತ್ರ) ನೋಡಿಸಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಿಜವಾದ ಮಿಶ್ರಲೋಹ ಬೇಕಿದ್ದರೆ ಬೆಳ್ಳಿ ಬಿಟ್ಟು ಚಿನ್ನ–ಪಲ್ಲಾಡಿಯಮ್‌ಗೆ ಬನ್ನಿ. ಎರಡರ ಲವಣವೂ ಕ್ಲೋರೈಡೇ, ಬಿಳಿ ಪ್ರಕ್ಷೇಪದ ಕಾಟ ಇಲ್ಲ. ಎರಡೂ ಲೋಹ ಎಲ್ಲ ಅನುಪಾತದಲ್ಲೂ ಬೆರೆಯುತ್ತವೆ. ಹರಳಿನ ಅಳತೆಯಲ್ಲಿ ಸಾಕಷ್ಟು ವ್ಯತ್ಯಾಸ ಇರುವುದರಿಂದ ಎಕ್ಸ್‌ರೇ ಪೀಕ್ ಜಾರುವುದೂ ಕಾಣುತ್ತದೆ. ವೇಗವರ್ಧಕವಾಗಿ ಇದರ ಹೆಸರೂ ದೊಡ್ಡದು, ಗ್ರಹಾಂ ಹಚಿಂಗ್ಸ್ ಗುಂಪು 2006ರಲ್ಲಿ ಟೈಟಾನಿಯಾ (ಟೈಟಾನಿಯಮ್ ಆಕ್ಸೈಡ್) ಮೇಲೆ ಕೂರಿಸಿದ ಚಿನ್ನ–ಪಲ್ಲಾಡಿಯಮ್‌ನಿಂದ ದ್ರಾವಕವೇ ಇಲ್ಲದೆ, ಆಕ್ಸಿಜನ್ ಬಳಸಿ ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡಿ ತೋರಿಸಿತು. ನೀರಿನಲ್ಲಿ ಎರಡೂ ಲವಣ, ಸ್ವಲ್ಪ ಪಾಲಿವಿನೈಲ್ ಆಲ್ಕೋಹಾಲ್, ಕೋಣೆಯ ಉಷ್ಣತೆಯಲ್ಲೇ ಹೊಸದಾಗಿ ಕಲಸಿದ ಸ್ವಲ್ಪ ಬೋರೋಹೈಡ್ರೈಡ್, ಎರಡನ್ನೂ ಒಟ್ಟಿಗೆ ಕೆಡವಲು ಚುರುಕಾದದ್ದೇ ಬೇಕು. ಬಣ್ಣ ಗಾಢ ಕಂದಾದ ಮೇಲೆ ಟೈಟಾನಿಯಾ ಅಥವಾ ಇಂಗಾಲದ ಪುಡಿ ಹಾಕಿ, ಸ್ವಲ್ಪ ಆಮ್ಲ ಸೇರಿಸಿ ಕಲಕುತ್ತಾ ಬಿಡಿ. ಕಣಗಳು ಪುಡಿಗೆ ಅಂಟಿಕೊಳ್ಳುತ್ತವೆ, ಮೇಲಿನ ನೀರು ತಿಳಿಯಾಗುತ್ತದೆ. ಆ ತಿಳಿಯಾಗುವುದನ್ನು ಕಣ್ಣಾರೆ ನೋಡುವುದೇ ಒಂದು ಖುಷಿ. ಇಲ್ಲಿ ಸೆಂಟ್ರಿಫ್ಯೂಜ್ ಬೇಡ, ಸೋಸಿದರೆ ಸಾಕು. ಮೇಲ್ಮೈಯ ಪಾಲಿವಿನೈಲ್ ಆಲ್ಕೋಹಾಲಿನಲ್ಲಿ ಒಂದಷ್ಟು ಪಾಲು ನೀರಿನಲ್ಲಿ ಕುದಿಸಿದರೇ ಬಿಟ್ಟುಹೋಗುತ್ತದೆ, ಸುಡಬೇಕಿಲ್ಲ. ಕೆಲಸ ಮುಗಿದ ಪುಡಿಯನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡಿ, ಲೋಹ ವಾಪಸ್ ತೆಗೆಯಬಹುದು.

ಎಲೆ ರಸವನ್ನೇ ಇಟ್ಟುಕೊಳ್ಳಬೇಕು ಅಂತ ಮಾರ್ಗದರ್ಶಕರು ಹೇಳಿದರೆ ಅದೂ ಆಗುತ್ತದೆ. ಮೊದಲು ಚಿನ್ನದ ಕಣ ಮಾಡಿ, ತೊಳೆದು ಕ್ಲೋರೈಡ್ ತೆಗೆದು, ಆಮೇಲೆ ಬೆಳ್ಳಿ ನೈಟ್ರೇಟ್ ಹನಿಸಿ. ತೊಳೆದ ನೀರಿಗೆ ಒಂದು ಹನಿ ಬೆಳ್ಳಿ ನೈಟ್ರೇಟ್ ಹಾಕಿ ನೋಡಿ, ಮಸುಕಾಗದಿದ್ದರೆ ಮಾತ್ರ ಮುಂದೆ ಹೋಗಿ. ರಸದ ಕ್ಲೋರೈಡನ್ನೂ ಮೊದಲೇ ಹೀಗೇ ಪರೀಕ್ಷಿಸಿ. ಸಿಗುವುದು ತಿರುಳು–ಸಿಪ್ಪೆ, ಹಾಗಂತಲೇ ಬರೆಯಿರಿ. "ಹಸಿರು" ಅನ್ನುವ ಬದಲು "ನೀರಿನಲ್ಲಿ, ಸಸ್ಯದ ರಸದಿಂದ" ಅಂತ ಶೀರ್ಷಿಕೆ ಕೊಟ್ಟು, ಒಳಗೆ ಇ-ಫ್ಯಾಕ್ಟರ್ ಲೆಕ್ಕ ಇಡಿ.

ಇದೆಲ್ಲಕ್ಕೂ ಮೊದಲು, ಈಗಾಗಲೇ ಮಾಡಿರುವ ಪುಡಿಯನ್ನು ಎಕ್ಸ್‌ರೇಗೆ ಕೊಟ್ಟು 32.2 ಡಿಗ್ರಿಯಲ್ಲಿ ಏನಿದೆ ನೋಡಿ ತಿಳಿಸಿ.